ರೇಡಿಯೋಗ್ರಫಿ ವಿದ್ಯಾರ್ಥಿಗಳಿಗೆ ಅಳತೆ, ಸಂಶೋಧನೆ, ಪುರಾವೆ: ಪಾಠ ಎಲ್ಲಿಂದ ಶುರು ಮಾಡೋದು?

ಬಕಿ_ಟೇಬಲ್

ನಮಸ್ಕಾರ. ಎರಡನೇ ವರ್ಷದ ರೇಡಿಯೋಗ್ರಫಿ ತರಗತಿಗೆ ಅಳತೆ, ಸಂಶೋಧನೆ, ಪುರಾವೆ ಆಧಾರಿತ ಕೆಲಸ ಇವು ಮೂರನ್ನೂ ಸೇರಿಸಿ ಒಂದೇ ವಿಷಯವಾಗಿ ಕಲಿಸಬೇಕಿದೆ. 12 ತರಗತಿ, ತಲಾ 2 ಗಂಟೆ, 24 ಮಂದಿ. ಪಠ್ಯಕ್ರಮದ ಸಾಲು ಹಿಡಿದು ಹೋದರೆ ಮೊದಲ ನಾಲ್ಕು ತರಗತಿ ವ್ಯಾಖ್ಯೆಗಳಲ್ಲೇ ಮುಗಿಯುತ್ತೆ: ಸಂಶೋಧನೆಯ ವಿಧಗಳು, ಹೈಪಾಥಿಸಿಸ್, ಸ್ಯಾಂಪ್ಲಿಂಗ್, ನಾಮಿನಲ್-ಆರ್ಡಿನಲ್-ಇಂಟರ್ವಲ್-ರೇಶಿಯೋ ಅನ್ನೋ ಅಳತೆಯ ನಾಲ್ಕು ಜಾತಿ. ಗಿಣಿಪಾಠ ಒಪ್ಪಿಸ್ತಾರೆ, ಆಮೇಲೆ "ಎಕ್ಸ್‌ಪೋಷರ್ ಇಂಡೆಕ್ಸ್ (ಇಐ, ಡಿಟೆಕ್ಟರಿಗೆ ಎಷ್ಟು ಎಕ್ಸ್‌ರೇ ಬಿತ್ತು ಅಂತ ಹೇಳೋ ಸಂಖ್ಯೆ) ಇದರಲ್ಲಿ ಯಾವ ಜಾತಿ?" ಅಂದ್ರೆ ಮುಖ ಮುಖ ನೋಡ್ತಾರೆ.

ಕೈಯಲ್ಲಿರೋದು: ಒಂದು ಡಿಆರ್ (ಡಿಜಿಟಲ್ ಎಕ್ಸ್‌ರೇ) ಕೋಣೆ (ಮೂರು ಮಧ್ಯಾಹ್ನ ಮಾತ್ರ ಸಿಗುತ್ತೆ), ಒಟ್ಟು 20 ಸೆಂ.ಮೀ. ದಪ್ಪದ ಪಿಎಂಎಂಎ ಹಲಗೆಗಳು (ದೇಹದ ಬದಲಿಗೆ ಇಡೋ ಪ್ಲಾಸ್ಟಿಕ್), ಒಂದು ಸಾಲಿಡ್ ಸ್ಟೇಟ್ ಡೋಸಿಮೀಟರ್ (ಎಕ್ಸ್‌ರೇ ಡೋಸ್ ಅಳೆಯೋ ಉಪಕರಣ), ಕನ್ಸೋಲ್‌ನಲ್ಲಿ ರಿಜೆಕ್ಟ್ ಲಾಗ್ (ಬೇಡವೆಂದು ಬಿಟ್ಟ ಇಮೇಜ್‌ಗಳ ದಾಖಲೆ). ಸಂಖ್ಯಾಶಾಸ್ತ್ರ ಅಂದರೆ ಸರಾಸರಿ, ಅಷ್ಟೇ ಗೊತ್ತು.

ಕೇಳಬೇಕಿದ್ದದ್ದು ಮೂರು. ಮೊದಲ ತರಗತಿಯಲ್ಲಿ ಏನು ಮಾಡಿಸಲಿ? ಲೇಖನ ಓದಿಸೋದು ಯಾವಾಗ? ಮತ್ತೆ, "ಜ್ಞಾನ ಮತ್ತು ಮನೋಭಾವ" ಪ್ರಶ್ನಾವಳಿ ಹಂಚೋ ಪ್ರಾಜೆಕ್ಟ್ ಬಿಟ್ಟು ಅವರ ಕೈಲಾಗುವಂಥದ್ದು ಬೇರೇನಿದೆ?

---

ಅಳತೆಗೋಲು

ವ್ಯಾಖ್ಯೆ ಬದಿಗಿಡಿ. ಮೊದಲ ಮಧ್ಯಾಹ್ನವೇ ಡೋಸಿಮೀಟರ್ ಕೈಗೆ ಕೊಡಿ. ತಾನೇ ಅಳೆದ ಸಂಖ್ಯೆ ಎರಡನೇ ಸಲಕ್ಕೆ ಬದಲಾಗೋದನ್ನು ಕಣ್ಣಾರೆ ನೋಡದವನಿಗೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಸಂಖ್ಯೆಗಳ ಹರವು) ಯಾಕೆ ಬೇಕು ಅನ್ನೋದೇ ಹೊಳೆಯಲ್ಲ.

70 ಕೆವಿ (ಟ್ಯೂಬಿನ ವೋಲ್ಟೇಜ್), 10 ಎಂಎಎಸ್ (ಕರೆಂಟ್ × ಸಮಯ), 100 ಸೆಂ.ಮೀ. ದೂರ, 10×10 ಸೆಂ.ಮೀ. ಫೀಲ್ಡ್, ಎಇಸಿ (ಎಕ್ಸ್‌ಪೋಷರನ್ನು ತಾನೇ ನಿಲ್ಲಿಸೋ ವ್ಯವಸ್ಥೆ) ಆಫ್. ಡೋಸಿಮೀಟರ್ ಕದಲಿಸದೆ ಐದು ಎಕ್ಸ್‌ಪೋಷರ್. 402, 400, 403, 399, 401 ಮೈಕ್ರೋಗ್ರೇ ಬಂತು ಅಂದುಕೊಳ್ಳಿ. ಸರಾಸರಿ 401, ಸ್ಟ್ಯಾಂಡರ್ಡ್ ಡೀವಿಯೇಶನ್ 1.6, ಇದನ್ನು ಸರಾಸರಿಯಿಂದ ಭಾಗಿಸಿದರೆ 0.004. ಗುಣಮಟ್ಟ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಪ್ಪೋ ಮಿತಿ 0.05, ಅಂದರೆ ಯಂತ್ರ ಪಾಸು.

ಈಗ ಅಸಲಿ ಪಾಠ. ಡೋಸಿಮೀಟರನ್ನು ಪೂರ್ತಿ ತೆಗೆದಿಟ್ಟು, ಟ್ಯೂಬನ್ನೂ ಸರಿಸಿಬಿಡಿ. ಐದು ಗುಂಪು ಮಾಡಿ, ಪ್ರತಿ ಗುಂಪೂ ಮೊದಲಿನಿಂದ ಎಲ್ಲ ಜೋಡಿಸಿ ಒಂದೊಂದೇ ಎಕ್ಸ್‌ಪೋಷರ್ ಕೊಡಲಿ, ಇನ್ನೊಂದು ಗುಂಪಿನ ರೀಡಿಂಗ್ ನೋಡಬಾರದು. 401, 389, 410, 396, 414 ಥರ ಬರುತ್ತೆ. ಸರಾಸರಿ 402, ಹೆಚ್ಚೂ ಕಡಿಮೆ ಮೊದಲಿನದೇ. ಡೀವಿಯೇಶನ್ ಮಾತ್ರ 10, ಆರು ಪಟ್ಟು. ಯಂತ್ರ ಅದೇ, ಸೆಟ್ಟಿಂಗ್ ಅದೇ; ಬದಲಾಗಿದ್ದು ಕೈ. ಎಲ್ಲಿಂದ ಬಂತು ಈ ವ್ಯತ್ಯಾಸ ಅಂತ ಅವರೇ ಹುಡುಕಲಿ. 100 ಸೆಂ.ಮೀ.ನಲ್ಲಿ ಟೇಪ್ 1 ಸೆಂ.ಮೀ. ತಪ್ಪಿದರೆ ರೀಡಿಂಗ್ ಶೇ. 2 ತಪ್ಪುತ್ತೆ, ವಿಲೋಮ ವರ್ಗದ ನಿಯಮ (ದೂರದ ವರ್ಗಕ್ಕೆ ತಕ್ಕಂತೆ ಕಿರಣ ಇಳಿಯುತ್ತೆ) ನೇರವಾಗಿ ಕೊಡೋ ಲೆಕ್ಕ ಇದು. ಡೋಸಿಮೀಟರ್ ಮಧ್ಯರೇಖೆ ಬಿಟ್ಟು ಆನೋಡ್ ಕಡೆಗೆ ವಾಲಿದ್ದರೆ ಹೀಲ್ ಎಫೆಕ್ಟ್‌ನಿಂದ (ಆ ಕಡೆ ಕಿರಣ ದುರ್ಬಲ) ಕಡಿಮೆ ತೋರಿಸುತ್ತೆ. ದೂರವನ್ನು ಡೋಸಿಮೀಟರಿನ ಮೇಲ್ಮೈಗೆ ಅಳೆದರೋ, ಒಳಗಿನ ಅಳತೆ ಬಿಂದುವಿಗೋ, ಅದೂ ಒಂದು.

ಎರಡನೇ ಮಧ್ಯಾಹ್ನ 75, 100, 125, 150 ಸೆಂ.ಮೀ.ನಲ್ಲಿ ಅಳೆಸಿ. ರೀಡಿಂಗನ್ನು ಹಾಗೇ ಗ್ರಾಫ್ ಮಾಡಿದರೆ ಸುಂದರವಾದ ವಕ್ರರೇಖೆ ಬರುತ್ತೆ, ಅದು ಏನನ್ನೂ ಹೇಳಲ್ಲ. ಅಡ್ಡಕ್ಕೆ ದೂರ, ಉದ್ದಕ್ಕೆ 1 ÷ √ರೀಡಿಂಗ್ ಹಾಕಿಸಿ. ನೇರ ಗೆರೆ ಬರಬೇಕು, ಆ ಗೆರೆಯನ್ನು ಹಿಂದಕ್ಕೆ ಎಳೆದರೆ ಸೊನ್ನೆಯಲ್ಲೇ ಹಾಯಬೇಕು. ಹಾಯೋದಿಲ್ಲ, ಮೈನಸ್ ಕಡೆ ಒಂದಷ್ಟು ದೂರದಲ್ಲಿ ಅಡ್ಡ ಅಕ್ಷವನ್ನು ಕಡಿಯುತ್ತೆ ಅಂದರೆ, ಟೇಪಿನ ತುದಿಯನ್ನು ಫೋಕಲ್ ಸ್ಪಾಟ್ (ಕಿರಣ ಹುಟ್ಟೋ ಬಿಂದು) ಗುರುತಿಗೆ ಹಿಡಿಯದೆ ಕಾಲಿಮೇಟರ್ (ಕಿರಣದ ಅಗಲ ಕಟ್ಟೋ ಪೆಟ್ಟಿಗೆ) ಮುಖಕ್ಕೆ ಹಿಡಿದಿದ್ದಾರೆ ಅಂತಲೇ ಲೆಕ್ಕ. ಎಷ್ಟು ಸೆಂ.ಮೀ. ತಪ್ಪಿದ್ದಾರೆ ಅನ್ನೋದನ್ನೂ ಗೆರೆಯೇ ಹೇಳುತ್ತೆ. ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ಈ ತಪ್ಪು ಹೋಗಲ್ಲ. ರ‍್ಯಾಂಡಮ್ ಎರರ್, ಸಿಸ್ಟಮ್ಯಾಟಿಕ್ ಎರರ್ (ಒಂದು ಅತ್ತಿತ್ತ ಆಡುತ್ತೆ, ಇನ್ನೊಂದು ಸದಾ ಒಂದೇ ಕಡೆಗೆ) ಎರಡರ ವ್ಯತ್ಯಾಸಕ್ಕೆ ಬೇರೆ ಉದಾಹರಣೆ ಹುಡುಕೋ ಕೆಲಸವೇ ಇಲ್ಲ.

ಒಂದು ಎಚ್ಚರ. ಡೋಸಿಮೀಟರನ್ನು ಪಿಎಂಎಂಎ ಮೇಲಿಟ್ಟು ಅಳೆದು "ಚರ್ಮದ ಡೋಸ್" ಅಂತ ಬರೆದುಬಿಡ್ತಾರೆ. ಬಹುತೇಕ ಸಾಲಿಡ್ ಸ್ಟೇಟ್ ಸೆನ್ಸರ್‌ಗಳ ಬೆನ್ನಿಗೆ ಸೀಸ ಇರುತ್ತೆ, ಕೆಳಗಿನಿಂದ ಚದುರಿ ಬರೋ ಕಿರಣ ಅದಕ್ಕೆ ಕಾಣಲ್ಲ. ಅಯಾನ್ ಚೇಂಬರ್‌ಗೆ ಕಾಣುತ್ತೆ. ಡಯಾಗ್ನೋಸ್ಟಿಕ್ ಎಕ್ಸ್‌ರೇಯಲ್ಲಿ ಆ ಬ್ಯಾಕ್‌ಸ್ಕ್ಯಾಟರ್ ಸೇರಿದರೆ ರೀಡಿಂಗ್ ಸುಮಾರು 1.3ರಿಂದ 1.4 ಪಟ್ಟು. ಎರಡು ಲೇಖನಗಳ ಡೋಸ್ ಹೋಲಿಸುವಾಗ ಇದನ್ನು ನೋಡದಿದ್ದರೆ ಶೇ. 30ರಷ್ಟು "ಸುಧಾರಣೆ" ಬರೀ ಉಪಕರಣದ್ದಾಗಿರುತ್ತೆ.

---

ಛಾಯಾ_ಕೆವಿ

ನಾಮಿನಲ್-ಆರ್ಡಿನಲ್ ಗೋಳಿಗೆ ಮದ್ದು ಎಕ್ಸ್‌ಪೋಷರ್ ಇಂಡೆಕ್ಸ್‌ನಲ್ಲೇ ಇದೆ. ಹಳೆಯ ಸಿಆರ್ (ಫಿಲ್ಮ್ ಬದಲು ಫಾಸ್ಫರ್ ಪ್ಲೇಟ್ ಬಳಸೋ) ವ್ಯವಸ್ಥೆಗಳ ಮೂರು ಸಂಖ್ಯೆ ಬೋರ್ಡ್ ಮೇಲೆ ಬರೆಯಿರಿ. ಡಿಟೆಕ್ಟರಿಗೆ ಬಿದ್ದ ಎಕ್ಸ್‌ಪೋಷರ್ ದುಪ್ಪಟ್ಟಾದಾಗ ಫ್ಯೂಜಿಯ ಎಸ್ ಸಂಖ್ಯೆ 200 ಇದ್ದದ್ದು 100ಕ್ಕೆ ಇಳಿಯುತ್ತೆ. ಕೋಡಕ್ ಇಂಡೆಕ್ಸ್ 2000 ಇದ್ದದ್ದು 2300 ಆಗುತ್ತೆ. ಆಗ್ಫಾದ ಲಾಗ್‌ಎಂ 0.3 ಏರುತ್ತೆ. ಆಗಿದ್ದು ಒಂದೇ ಸಂಗತಿ. ಒಂದು ಸಂಖ್ಯೆ ಅರ್ಧವಾಯಿತು, ಒಂದಕ್ಕೆ 300 ಕೂಡಿತು, ಇನ್ನೊಂದು ಏರಿದ್ದೇ ಗೊತ್ತಾಗದಷ್ಟು. "2300 ಅಂದರೆ 2000ಕ್ಕಿಂತ ಶೇ. 15 ಜಾಸ್ತಿ" ಅಂತ ಯಾರಾದರೂ ಹೇಳೇ ಹೇಳ್ತಾರೆ. ಅಲ್ಲಿಂದ ಪಾಠ ತಾನಾಗೇ ಹೊರಡುತ್ತೆ.

2008ರ ಅಂತರರಾಷ್ಟ್ರೀಯ ಮಾನದಂಡ ಐಇಸಿ 62494-1 ಈ ಗೊಂದಲಕ್ಕೆ ಒಂದು ಕೊನೆ ಹಾಡಿತು. ಈಗ ಇಂಡೆಕ್ಸ್ ಡಿಟೆಕ್ಟರ್ ಎಕ್ಸ್‌ಪೋಷರಿಗೆ ನೇರ ಅನುಪಾತದಲ್ಲಿದೆ: ಗೊತ್ತುಪಡಿಸಿದ ಕ್ಯಾಲಿಬ್ರೇಶನ್ ಕಿರಣದಲ್ಲಿ 2.5 ಮೈಕ್ರೋಗ್ರೇ ಬಿದ್ದರೆ ಇಐ 250. ಜೊತೆಗೆ ಗುರಿಯಿಂದ ಎಷ್ಟು ದೂರ ಅಂತ ಹೇಳೋ ಡೀವಿಯೇಶನ್ ಇಂಡೆಕ್ಸ್ (ಡಿಐ):

ಡಿಐ = 10 × ಲಾಗ್₁₀ (ಇಐ ÷ ಟಾರ್ಗೆಟ್ ಇಐ)

ಡಿಐ +3 ಅಂದರೆ ಎರಡು ಪಟ್ಟು, −3 ಅಂದರೆ ಅರ್ಧ, +1 ಅಂದರೆ ಸುಮಾರು ಶೇ. 26 ಜಾಸ್ತಿ. ಡೈಕಾಮ್ ಹೆಡರಿನಲ್ಲಿ (ಇಮೇಜ್ ಫೈಲಿನ ಮಾಹಿತಿ ಭಾಗ) 0018,1411ರಿಂದ 1413ರ ತನಕ ಇಐ, ಟಾರ್ಗೆಟ್, ಡಿಐ ಮೂರೂ ಸಾಲಾಗಿ ಸಿಗುತ್ತವೆ.

ವಿದ್ಯಾರ್ಥಿಗಳು ಬೀಳುವ ಹಳ್ಳಗಳು ಮೂರು. ಇಐ ರೋಗಿಯ ಡೋಸ್ ಅಲ್ಲ, ಡಿಟೆಕ್ಟರಿಗೆ ತಲುಪಿದ್ದು ಮಾತ್ರ. ದಪ್ಪ ಹೊಟ್ಟೆಗೂ ತೆಳು ಹೊಟ್ಟೆಗೂ ಎಇಸಿ ಒಂದೇ ಇಐ ಕೊಡಬಹುದು, ಡೋಸ್ ಹಲವು ಪಟ್ಟು ಬೇರೆ ಇರುತ್ತೆ. ಎರಡನೇದು, ಕಾಲಿಮೇಶನ್ ಅಂಚನ್ನು ಸಾಫ್ಟ್‌ವೇರ್ ಸರಿಯಾಗಿ ಹಿಡಿಯದೆ ಬರೀ ಗಾಳಿಯ ಮೂಲಕ ಬಂದ ಭಾಗವನ್ನೂ ಲೆಕ್ಕಕ್ಕೆ ಸೇರಿಸಿದರೆ ಇಐ ಸುಳ್ಳೇ ಏರುತ್ತೆ. ಮುಚ್ಚಿದ ಅಂಚನ್ನೋ ಲೋಹದ ಕೀಲನ್ನೋ ಸೇರಿಸಿದರೆ ಇಳಿಯುತ್ತೆ. ಹಾಗಾಗಿ ವಿಪರೀತ ಸಂಖ್ಯೆ ಕಂಡ ಕೂಡಲೇ ಇಮೇಜ್ ತೆರೆದು ನೋಡಬೇಕು, ಸ್ಪ್ರೆಡ್‌ಶೀಟ್‌ನಲ್ಲೇ ತೀರ್ಪು ಕೊಡಬಾರದು. ಮೂರನೇದು ಡಿಐ ಸರಾಸರಿ. ಅರ್ಧದಷ್ಟು ಇಮೇಜ್ +3, ಇನ್ನರ್ಧ −3 ಇದ್ದರೆ ಸರಾಸರಿ ಸೊನ್ನೆ, ಒಂದೂ ಸರಿ ಇಲ್ಲ. ಹರವು ನೋಡಲಿ.

ಇಮೇಜ್ ಗುಣಮಟ್ಟದ 1ರಿಂದ 5ರ ಅಂಕಕ್ಕೆ ಬಂದರೆ ಅದು ಆರ್ಡಿನಲ್. 2 ಮತ್ತು 3ರ ಅಂತರ 4 ಮತ್ತು 5ರ ಅಂತರಕ್ಕೆ ಸಮ ಅಂತ ಯಾರೂ ಅಳೆದಿಲ್ಲ. "ಸರಾಸರಿ ಗುಣಮಟ್ಟ 3.47" ಅಂತ ಬರೆದವರಿಂದ ವರದಿ ವಾಪಸ್ ಬರೆಸಿ. ಪ್ರತಿ ಅಂಕಕ್ಕೂ ಎಷ್ಟು ಇಮೇಜ್ ಅಂತ ಎಣಿಸಿ ತೋರಿಸಲಿ, ಬೇಕಿದ್ದರೆ ಮೀಡಿಯನ್ (ನಡುವಿನ ಬೆಲೆ) ಕೊಡಲಿ. ಅಂಕ ಹಾಕಿಸುವಾಗ ವಿಂಡೋ ಸೆಟ್ಟಿಂಗ್ ಎಲ್ಲರಿಗೂ ಒಂದೇ ಇಡಿ, ಕೆವಿ-ಎಂಎಎಸ್ ಬರಹ ಮುಚ್ಚಿ, ಕ್ರಮ ಕಲಸಿ, ಕೋಣೆ ಮಬ್ಬಾಗಿರಲಿ. ಕೆಲವು ಇಮೇಜನ್ನು ಗುಟ್ಟಾಗಿ ಎರಡು ಸಲ ತೋರಿಸಿ. ಬೆಳಿಗ್ಗೆ 4 ಕೊಟ್ಟವರು ಮಧ್ಯಾಹ್ನ ಅದೇ ಇಮೇಜಿಗೆ 2 ಕೊಟ್ಟಿರ್ತಾರೆ.

---

ಗ್ರಿಡ್_ಗೆರೆ

ಅಳತೆಗೋಲು ಅವರ ಮಾತಿಗೆ ಮುಕ್ಕಾಲು ಪಾಲು ಒಪ್ಪಿಗೆ. ಆದರೆ ಆ ದಾರಿಯಲ್ಲೇ ಹೋದರೆ ಲೇಖನ ಓದೋದು ಕೊನೆಯ ಎರಡು ತರಗತಿಗೆ ತಳ್ಳಿಹೋಗಿ, "ಸಮಯ ಸಾಲಲಿಲ್ಲ" ಅಂತ ಮುಗಿಯುತ್ತೆ. ಎರಡನ್ನೂ ಒಂದೇ ಪ್ರಶ್ನೆಗೆ ಕಟ್ಟಿಬಿಡಿ. ಪೆಲ್ವಿಸ್ ಎಕ್ಸ್‌ರೇಗೆ ದೂರ 100 ಸೆಂ.ಮೀ. ಯಾಕೆ, 130 ಯಾಕಾಗಬಾರದು? ಈ ಒಂದು ಪ್ರಶ್ನೆ ಮೂರು ತರಗತಿ ಎಳೆಯುತ್ತೆ.

ಮೊದಲು ಕಾಗದದ ಮೇಲೆ. ದೇಹದ ದಪ್ಪ 20 ಸೆಂ.ಮೀ., ಟೇಬಲ್ ಮೇಲ್ಮೈಯಿಂದ ಡಿಟೆಕ್ಟರಿಗೆ 5 ಸೆಂ.ಮೀ. ಅಂತ ಇಟ್ಟುಕೊಂಡರೆ ಫೋಕಸ್‌ನಿಂದ ಚರ್ಮಕ್ಕೆ 75 ಸೆಂ.ಮೀ. ಇದ್ದದ್ದು 105 ಆಗುತ್ತೆ. ಡಿಟೆಕ್ಟರಿಗೆ ಅಷ್ಟೇ ಎಕ್ಸ್‌ಪೋಷರ್ ಬೇಕಾದರೆ ಎಂಎಎಸ್ (130 ÷ 100)² = 1.69 ಪಟ್ಟು ಏರಬೇಕು. ಇಲ್ಲಿಗೇ ನಿಲ್ಲಿಸಿ "ಡೋಸ್ ಏರಿತೋ ಇಳಿಯಿತೋ?" ಅಂತ ಕೇಳಿ, ಬಹಳ ಜನ ಏರಿತು ಅಂತಾರೆ. ಚರ್ಮಕ್ಕೆ ಬೀಳೋದು 1.69 × (75 ÷ 105)² = 0.86. ಅಂದರೆ ಶೇ. 14 ಕಡಿಮೆ. ಎಂಎಎಸ್ ಅನ್ನು ಡೋಸ್ ಅಂತ ಓದೋ ಚಾಳಿ ಬಿಡಿಸೋಕೆ ಇದಕ್ಕಿಂತ ಒಳ್ಳೇ ಲೆಕ್ಕ ಇಲ್ಲ.

ಆಮೇಲೆ ಪಿಎಂಎಂಎ ಇಟ್ಟು ಎಇಸಿಯಲ್ಲಿ ಎರಡೂ ದೂರ ಮಾಡಿಸಿ. ಕಾಗದದ ಸಂಖ್ಯೆಗೆ ಹತ್ತಿರ ಬರಬೇಕು, ಬರದಿದ್ದರೆ ಗ್ರಿಡ್ (ಚದುರಿದ ಕಿರಣ ತಡೆಯೋ ಜಾಲರಿ) ನೋಡಿ. ಫೋಕಸ್ಡ್ ಗ್ರಿಡ್ ಮೇಲೆ ಬರೆದ ದೂರದ ವ್ಯಾಪ್ತಿಯಾಚೆ 130 ಇದ್ದರೆ ಅಂಚುಗಳಲ್ಲಿ ಕಟ್‌ಆಫ್ ಆಗುತ್ತೆ (ಬೇಕಾದ ಕಿರಣವೂ ನಿಲ್ಲುತ್ತೆ), ಎಇಸಿ ಚೇಂಬರ್ (ಅದರ ಸೆನ್ಸರ್) ಆ ಜಾಗದಲ್ಲಿದ್ದರೆ ಸಮಯ ಎಳೆಯುತ್ತೆ. ಇನ್ನೊಂದು, ದೂರ ಜಾಸ್ತಿ ಮಾಡಿದ ಮೇಲೆ ಕಾಲಿಮೇಶನ್ ಹಾಗೇ ಬಿಟ್ಟರೆ ಫೀಲ್ಡ್ ಹಿಗ್ಗುತ್ತೆ. ಡಿಟೆಕ್ಟರ್ ಮಟ್ಟದಲ್ಲಿ ಫೀಲ್ಡ್ ಒಂದೇ ಅಳತೆಗೆ ತಂದು ಹೋಲಿಸಬೇಕು, ಇಲ್ಲದಿದ್ದರೆ ಒಂದಲ್ಲ, ಎರಡು ಬದಲಾವಣೆ ಮಾಡಿದ ಹಾಗಾಯಿತು.

ಈಗ ಲೇಖನ. ಕೈಯಲ್ಲಿ ಸ್ವಂತ ಸಂಖ್ಯೆ ಇದೆ, ಪಿಕೋ ಬರೆಸೋದು ಸುಲಭ: ಯಾರಲ್ಲಿ (ವಯಸ್ಕರ ಪೆಲ್ವಿಸ್), ಏನು ಮಾಡಿದರೆ (130), ಯಾವುದಕ್ಕೆ ಹೋಲಿಸಿ (100), ಏನು ನೋಡಬೇಕು (ಡೋಸ್ ಮತ್ತು ಇಮೇಜ್ ಗುಣಮಟ್ಟ ಎರಡೂ). ಸಿಕ್ಕ ಪ್ರತಿ ಲೇಖನಕ್ಕೂ ನಾಲ್ಕೇ ಪ್ರಶ್ನೆ ಸಾಕು: ಫ್ಯಾಂಟಮ್ಮೋ (ದೇಹದ ಮಾದರಿ) ರೋಗಿಗಳೋ? ಡೋಸ್ ಅಂದರೆ ಯಾವ ಡೋಸ್? ಇಮೇಜ್ ನೋಡಿದವರಿಗೆ ಯಾವುದು ಯಾವ ದೂರದ್ದು ಅಂತ ಗೊತ್ತಿತ್ತೇ? ದೂರ ಬಿಟ್ಟು ಬೇರೇನಾದರೂ ಬದಲಾಯಿತೇ? ದೊಡ್ಡ ಚೆಕ್‌ಲಿಸ್ಟ್ ಆಮೇಲೆ ನೋಡಿಕೊಂಡರಾಯಿತು.

ಪುರಾವೆ ಬದಲಾದಾಗ ರೂಢಿ ಹೇಗೆ ಬದಲಾಗಬೇಕು ಅನ್ನೋದಕ್ಕೆ ಅಂಡಾಶಯ-ವೃಷಣಗಳನ್ನು ಕಾಯೋ ಸೀಸದ ಗೊನ್ಯಾಡ್ ಶೀಲ್ಡ್ ತೆಗೆದುಕೊಳ್ಳಿ. ದಶಕಗಳ ಕಾಲ ಅದನ್ನು ಇಡದಿದ್ದರೆ ತಪ್ಪು ಅಂತಿತ್ತು. ಗೊನ್ಯಾಡ್‌ಗೆ ಐಸಿಆರ್‌ಪಿ (ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ) ಕೊಟ್ಟ ತೂಕಾಂಶ (ಒಟ್ಟು ಅಪಾಯದಲ್ಲಿ ಆ ಅಂಗದ ಪಾಲು) 1977ರಲ್ಲಿ 0.25, 1990ರಲ್ಲಿ 0.20, 2007ರಲ್ಲಿ 0.08. ಯಂತ್ರಗಳ ಡೋಸೂ ಆ ಕಾಲಕ್ಕಿಂತ ಬಹಳ ಇಳಿದಿದೆ. ಶೀಲ್ಡ್ ಸರಿದು ಸೇಕ್ರಮ್ (ಬೆನ್ನುಮೂಳೆಯ ಬುಡ) ಮುಚ್ಚಿದರೆ ರಿಪೀಟ್. ಎಇಸಿ ಚೇಂಬರ್ ಮೇಲೆ ಬಂದರೆ ಎಕ್ಸ್‌ಪೋಷರ್ ಏರುತ್ತೆ. ದೇಹದೊಳಗೇ ಚದುರಿದ ಕಿರಣವನ್ನು ಅದು ತಡೆಯೋದೂ ಇಲ್ಲ. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘ ಎಎಪಿಎಂ, 2021ರಲ್ಲಿ ಅಲ್ಲಿನ ವಿಕಿರಣ ರಕ್ಷಣಾ ಮಂಡಳಿ ಎನ್‌ಸಿಆರ್‌ಪಿ ವಾಡಿಕೆಯಾಗಿ ಶೀಲ್ಡ್ ಇಡೋದು ಬೇಡ ಅಂದವು. ಇದನ್ನು ಬರೀ ಹೇಳಬೇಡಿ. ಪಿಎಂಎಂಎ ಮೇಲೆ, ಎಇಸಿಯ ಮಧ್ಯದ ಚೇಂಬರಿನ ಅರ್ಧ ಮುಚ್ಚುವಂತೆ ಸೀಸದ ತುಂಡು ಇಟ್ಟು ಎಂಎಎಸ್ ಓದಿಸಿ. ಎರಡು ನಿಮಿಷದ ಕೆಲಸ.

---

ಬಕಿ_ಟೇಬಲ್

ಎಲ್ಲರಿಗೂ ಧನ್ಯವಾದ. 130ರ ಲೆಕ್ಕ ನೇರ ತರಗತಿಗೆ ಹೋಗುತ್ತೆ. ಪ್ರಾಜೆಕ್ಟ್ ಬಗ್ಗೆ ಇನ್ನೂ ಗೊಂದಲ. ರಿಜೆಕ್ಟ್ ಲಾಗ್ ಇದೆ, ಅದನ್ನೇ ಗುಂಪುಗಳಿಗೆ ಹಂಚಿ ತಲಾ 50 ಇಮೇಜ್ ಕೊಟ್ಟರೆ ಸಾಕೇ? ಎರಡನೇದು, ರೋಗಿಗಳ ಇಮೇಜ್ ಅಂದ ಮೇಲೆ ಅನುಮತಿ ಬೇಕಲ್ಲವೇ?

---

ನೆರಳು_ನೋಟ

ರಿಜೆಕ್ಟ್ ಆಡಿಟ್ ಒಳ್ಳೇ ಆಯ್ಕೆ, 50 ಸಾಲದು. 50ರಲ್ಲಿ 4 ರಿಜೆಕ್ಟ್ ಅಂದರೆ ಶೇ. 8; ಆದರೆ ಅದರ ಶೇ. 95 ವಿಶ್ವಾಸ ವ್ಯಾಪ್ತಿ (ನಿಜವಾದ ದರ ಇರಬಹುದಾದ ಮಿತಿ) ಸುಮಾರು 3ರಿಂದ 19. 500ರಲ್ಲಿ 40 ಇದ್ದರೆ ಅದೇ ಶೇ. 8, ವ್ಯಾಪ್ತಿ ಸುಮಾರು 6ರಿಂದ 11. ಎಎಪಿಎಂನ 151ನೇ ಕಾರ್ಯಗುಂಪು ಶೇ. 8 ಗುರಿ, ಶೇ. 10 ದಾಟಿದರೆ ತನಿಖೆ ಅಂತ 2015ರಲ್ಲಿ ಹೇಳಿದೆ. 50 ಇಮೇಜ್ ಇಟ್ಟುಕೊಂಡು ಆ ಗೆರೆಯ ಈಚೆಗಿದ್ದೀರೋ ಆಚೆಗಿದ್ದೀರೋ ಹೇಳೋಕೇ ಆಗಲ್ಲ. ಇದೇ ಎರಡು ಸಾಲು ಸ್ಯಾಂಪಲ್ ಗಾತ್ರದ ಪಾಠ. ಎಲ್ಲ ಗುಂಪಿನ ದತ್ತಾಂಶ ಒಟ್ಟುಗೂಡಿಸಿ, ಪ್ರಶ್ನೆಗಳನ್ನು ಮಾತ್ರ ಹಂಚಿ.

ಕಷ್ಟ ಇರೋದು ಛೇದದಲ್ಲಿ. ಒಟ್ಟು ಎಕ್ಸ್‌ಪೋಷರ್ ಎಷ್ಟು ಅನ್ನೋದನ್ನು ಕಳಿಸಿದ ಇಮೇಜ್‌ಗಳಿಂದ ಮಾತ್ರ ಎಣಿಸಿದರೆ ರಿಜೆಕ್ಟ್ ಆದವು ಛೇದದಲ್ಲಿ ಬರಲ್ಲ: 460 ಕಳಿಸಿ 40 ರಿಜೆಕ್ಟ್ ಮಾಡಿದ್ದರೆ 40 ÷ 500, 40 ÷ 460 ಅಲ್ಲ. ಬೆಳಗಿನ ಫ್ಯಾಂಟಮ್ ಟೆಸ್ಟ್ ಎಕ್ಸ್‌ಪೋಷರ್‌ಗಳು ಲಾಗ್‌ನಲ್ಲಿ ನುಸುಳಿರುತ್ತವೆ, ತೆಗೀಬೇಕು. ತಪ್ಪು ಪ್ರೊಟೋಕಾಲ್‌ನಲ್ಲಿ ತೆಗೆದು ಸರಿಯಾದದ್ದಕ್ಕೆ ಸೇರಿಸಿದ ಇಮೇಜ್ ಕೆಲವು ಕನ್ಸೋಲ್‌ಗಳಲ್ಲಿ ಎರಡು ಸಲ ಎಣಿಕೆಯಾಗುತ್ತೆ. ಮತ್ತೆ, ಕಳಿಸಿಬಿಟ್ಟು ಆಮೇಲೆ ಪುನಃ ತೆಗೆದದ್ದು ರಿಜೆಕ್ಟ್ ಲಾಗ್‌ನಲ್ಲಿ ಬರೋದೇ ಇಲ್ಲ. ರಿಜೆಕ್ಟ್ ದರ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಶಹಬ್ಬಾಸ್ ಅನ್ನೋ ಮೊದಲು ಇದನ್ನು ನೋಡಿ.

ಕಾರಣಗಳ ಪಟ್ಟಿ ಮೊದಲೇ ಗಟ್ಟಿ ಮಾಡಿ: ಪೊಸಿಷನಿಂಗ್, ಅಂಗ ಕಟ್ ಆಗಿದ್ದು, ಅಲುಗಾಟ, ಎಕ್ಸ್‌ಪೋಷರ್, ಆರ್ಟಿಫ್ಯಾಕ್ಟ್, ಯಂತ್ರದೋಷ. "ಇತರೆ" ಅನ್ನೋ ಗುಂಡಿ ಇದ್ದರೆ ಎಲ್ಲ ಅದರೊಳಗೇ ಬೀಳುತ್ತೆ. ಲಾಗ್‌ನಲ್ಲಿ ಒತ್ತಿದ ಕಾರಣವನ್ನೂ ಹಾಗೇ ನಂಬಬೇಡಿ. ಅವಸರದಲ್ಲಿ ಮೊದಲು ಕಂಡ ಗುಂಡಿ ಒತ್ತಿರ್ತಾರೆ. ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಕೂತು 100 ಇಮೇಜ್ ನೋಡಲಿ, "ಪೊಸಿಷನಿಂಗ್ ತಪ್ಪೇ, ಅಲ್ಲವೇ" ಅಂತ ಗುರುತಿಸಲಿ. ಇಬ್ಬರೂ ಹೌದು ಅಂದದ್ದು 10, ಇಬ್ಬರೂ ಅಲ್ಲ ಅಂದದ್ದು 80, ಒಬ್ಬರು ಮಾತ್ರ ಹೌದು ಅಂದದ್ದು ತಲಾ 5 ಅಂತಿರಲಿ. ಹೊಂದಿಕೆ ಶೇ. 90, ಎಲ್ಲರಿಗೂ ಖುಷಿ. ಆದರೆ ಒಬ್ಬೊಬ್ಬರೂ 15ಕ್ಕೆ ಮಾತ್ರ ಹೌದು ಅಂದಿದ್ದಾರೆ. ಕಣ್ಣು ಮುಚ್ಚಿ ಅದೇ ಪ್ರಮಾಣದಲ್ಲಿ ಗುರುತು ಹಾಕಿದ್ದರೂ 0.15² + 0.85² = 0.745, ಅಂದರೆ ಶೇ. 74.5 ಹೊಂದುತ್ತಿತ್ತು. ಕಾಕತಾಳೀಯ ಹೊಂದಿಕೆ ಕಳೆದು ನೋಡೋ ಅಳತೆ ಕಪ್ಪಾ = (0.90 − 0.745) ÷ (1 − 0.745) = 0.61. ಶೇ. 90 ಅಂತ ಮೆರೆದದ್ದು ಇಲ್ಲಿ ನೆಲಕ್ಕಿಳಿಯುತ್ತೆ.

ಅನುಮತಿ ಬೇಕು. ಸಂಸ್ಥೆಯ ನೈತಿಕ ಸಮಿತಿಗೆ ಬರೆದು ಕೇಳಿ. "ಆಡಿಟ್, ಆದ್ದರಿಂದ ಬೇಡ" ಅನ್ನೋದನ್ನು ಅವರೇ ಹೇಳಲಿ, ನೀವು ತೀರ್ಮಾನಿಸಬೇಡಿ. ಹೆಡರಿನ ಹೆಸರು ಅಳಿಸಿದರೆ ಮುಗಿಯಲಿಲ್ಲ. ಇಮೇಜ್ ಮೇಲೇ ಸುಟ್ಟು ಬಂದ ಅಕ್ಷರಗಳು ಉಳಿದಿರುತ್ತವೆ, ಫೈಲಿನ ಹೆಸರಿನಲ್ಲಿ ರೋಗಿಯ ಸಂಖ್ಯೆ ಇರುತ್ತೆ. ಇನ್ನು ಅಧ್ಯಯನಕ್ಕೋಸ್ಕರ ಒಬ್ಬ ಮನುಷ್ಯನಿಗೂ ಹೆಚ್ಚುವರಿ ಎಕ್ಸ್‌ಪೋಷರ್ ಕೂಡದು, ವಿದ್ಯಾರ್ಥಿಗಳು ಒಬ್ಬರ ಕೈ ಒಬ್ಬರು ತೆಗೆಯೋದೂ ಸೇರಿ.

ಒಂದು ಗುಂಪಿಗೆ ಡೋಸ್ ಆಡಿಟ್ ಕೊಡಬಹುದು. ಐಸಿಆರ್‌ಪಿ 135 (2017) ಪ್ರಕಾರ ಒಂದು ಪರೀಕ್ಷೆಗೆ ಕನಿಷ್ಠ 20 ರೋಗಿಗಳು. ಅವರ ಡಿಎಪಿಯ (ಡೋಸ್ × ಫೀಲ್ಡ್ ವಿಸ್ತೀರ್ಣ) ಮೀಡಿಯನ್ ತೆಗೆದು ರೆಫರೆನ್ಸ್ ಲೆವೆಲ್‌ಗೆ (ಹೋಲಿಕೆಗೆ ಗೊತ್ತುಪಡಿಸಿದ ಮಟ್ಟ) ಹೋಲಿಸಬೇಕು. ಆ ಲೆವೆಲ್ ಒಬ್ಬ ರೋಗಿಗೆ ಹಾಕೋ ಮಿತಿ ಅಲ್ಲ.

---

ಅಳತೆಗೋಲು

ಡಿಎಪಿ ಅಂದ ಮೇಲೆ ಯುನಿಟ್ ವಿಷಯ ಬರೆದಿಡಲೇಬೇಕು. ಕನ್ಸೋಲ್ ಪರದೆ ಒಂದು ಯುನಿಟ್ ತೋರಿಸುತ್ತೆ, ಡೈಕಾಮ್ ಹೆಡರ್ ಡೆಸಿಗ್ರೇ·ಸೆಂ.ಮೀ.²ನಲ್ಲಿ ಬರೆಯುತ್ತೆ, ಲೇಖನ ಮೂರನೇದರಲ್ಲಿ ಇರುತ್ತೆ. 1 ಡೆಸಿಗ್ರೇ·ಸೆಂ.ಮೀ.² = 100 ಮಿಲಿಗ್ರೇ·ಸೆಂ.ಮೀ.² = 10 ಮೈಕ್ರೋಗ್ರೇ·ಮೀ.². ಹತ್ತು ಪಟ್ಟು, ನೂರು ಪಟ್ಟು ತಪ್ಪು ಇಲ್ಲಿಂದಲೇ ಬರೋದು. ಪರದೆಯ ಸಂಖ್ಯೆ ಮತ್ತು ಹೆಡರಿನ ಸಂಖ್ಯೆ ಎರಡನ್ನೂ ಒಂದೇ ಫ್ಯಾಂಟಮ್ ಎಕ್ಸ್‌ಪೋಷರಿಗೆ ಓದಿಸಿ, ತಾಳೆ ಹಾಕಿಸಿ. ಆಮೇಲಷ್ಟೇ ರೋಗಿಗಳ ಫೈಲ್ ತೆರೆಯಲಿ.

ಗ್ರಿಡ್_ಗೆರೆ ಅವರೇ, ಲೇಖನ ಮುಂದಕ್ಕೆ ಎಳೀಬೇಕು ಅನ್ನೋದು ಸರಿ, ಒಪ್ಪಿದೆ. ಆದರೆ 130ರ ಪ್ರಯೋಗದಲ್ಲಿ ಡಿಎಪಿಯನ್ನೂ ಓದಿಸಿ. ಡಿಎಪಿ ದೂರಕ್ಕೆ ಬದಲಾಗಲ್ಲ, ಡೋಸ್ ಎಷ್ಟು ಇಳಿಯುತ್ತೋ ಫೀಲ್ಡ್ ಅಷ್ಟೇ ಹಿಗ್ಗುತ್ತೆ ಅಂತ ಬಾಯಿಪಾಠ ಮಾಡಿರ್ತಾರೆ. ಇಲ್ಲಿ ಎಂಎಎಸ್ 1.69 ಪಟ್ಟು ಏರಿದೆ, ಡಿಟೆಕ್ಟರ್ ಮಟ್ಟದಲ್ಲಿ ಫೀಲ್ಡ್ ಒಂದೇ ಇಟ್ಟಿದ್ದೀರಿ. ಹಾಗಾದರೆ ಡಿಎಪಿ ಎಷ್ಟಾಗಬೇಕು?

---

ಗ್ರಿಡ್_ಗೆರೆ

ಹೆಚ್ಚೂ ಕಡಿಮೆ ಅಷ್ಟೇ ಇರಬೇಕು. ಡಿಟೆಕ್ಟರ್ ಮಟ್ಟಕ್ಕೆ ಬರೋ ಕಿರಣ ಅದೇ, ಫೀಲ್ಡ್ ಅದೇ, ಗುಣಿಸಿದರೂ ಅದೇ. ಚರ್ಮದ ಡೋಸ್ ಮಾತ್ರ ಶೇ. 14 ಇಳಿದಿರುತ್ತೆ, ಯಾಕೆಂದರೆ ಅದೇ ಕಿರಣ ಚರ್ಮದ ಮೇಲೆ ಸ್ವಲ್ಪ ಅಗಲ ಜಾಗಕ್ಕೆ ಹರಡಿದೆ. ಒಂದು ಗುಂಪು ಚರ್ಮದ ಡೋಸ್ ಬರೆಯಲಿ, ಇನ್ನೊಂದು ಡಿಎಪಿ ಬರೆಯಲಿ, ಮೂರನೇದು ಎಂಎಎಸ್ ಬರೆಯಲಿ. ಒಂದೇ ಪ್ರಯೋಗ: ಒಬ್ಬರು "ಇಳಿಯಿತು", ಒಬ್ಬರು "ಬದಲಾಗಿಲ್ಲ", ಒಬ್ಬರು "ಏರಿತು" ಅಂತ ವರದಿ ತರ್ತಾರೆ. ನನ್ನ ನಾಲ್ಕು ಪ್ರಶ್ನೆಯಲ್ಲಿ ಎರಡನೇದು ಇದಕ್ಕೇ ಇಟ್ಟದ್ದು.

---

ಬಕಿ_ಟೇಬಲ್

ಹಾಗಾದರೆ ಕ್ರಮ ಹೀಗಿಡ್ತೇನೆ: ಮೊದಲ ಮಧ್ಯಾಹ್ನ ಐದು ಗುಂಪಿನ ರೀಡಿಂಗ್, ಎರಡನೇದು ದೂರದ ಗ್ರಾಫ್, ಮೂರನೇದು 100 ಮತ್ತು 130, ಮೂರು ಗುಂಪು ಮೂರು ಅಳತೆ. ನಡುವಿನ ವಾರಗಳಲ್ಲಿ ಇಐ, ಪಿಕೋ, ಲೇಖನ. ಸಮಿತಿಗೆ ಅರ್ಜಿ ಈ ವಾರವೇ ಹಾಕ್ತೇನೆ, ಒಪ್ಪಿಗೆ ಬರೋ ಹೊತ್ತಿಗೆ ರಿಜೆಕ್ಟ್ ಕಾರಣಗಳ ಪಟ್ಟಿ ವಿದ್ಯಾರ್ಥಿಗಳೇ ಮಾಡಿ ಮುಗಿಸಿರಲಿ. ಒಂದೇ ಸಂದೇಹ: ನಮ್ಮ ಟ್ಯೂಬ್ ಕವಚದ ಮೇಲೆ ಫೋಕಲ್ ಸ್ಪಾಟ್ ಗುರುತು ಅಳಿಸಿಹೋಗಿದೆ.

---

ಅಳತೆಗೋಲು

ಇನ್ನೂ ಒಳ್ಳೇದು. ಗುರುತು ಇಲ್ಲ ಅಂತ ಹೇಳಬೇಡಿ. ಕಾಲಿಮೇಟರ್ ಮುಖದಿಂದಲೇ ಅಳೆಯಲಿ, ಗೆರೆ ಹಿಂದಕ್ಕೆ ಎಳೆದು ಫೋಕಲ್ ಸ್ಪಾಟ್ ಎಲ್ಲಿದೆ ಅಂತ ಅವರೇ ಕಂಡುಹಿಡಿಯಲಿ. ಮುಗಿದ ಮೇಲೆ ಯಂತ್ರದ ಕೈಪಿಡಿಯಲ್ಲಿರೋ ಅಂತರ ತೆರೆದು ತೋರಿಸಿ. ನಾಲ್ಕು ಬಿಂದು ಸಾಲದು ಅನಿಸಿದರೆ 60 ಮತ್ತು 175 ಸೇರಿಸಿ. ಗೆರೆಯ ತುದಿಗಳು ದೂರ ಇದ್ದಷ್ಟೂ ಉತ್ತರ ಗಟ್ಟಿಯಾಗುತ್ತೆ.